ಮುಂದಿನ ಇರುಸು

ಗಾಡಿಯ ಮಾತು ಬಂದಾಗ ಎಲ್ಲರೂ ಗಾಲಿಯನ್ನು ಹೊಗಳುತ್ತಾರೆ. ಇರುಸನ್ನು ಹೊಗಳಿದವರನ್ನು ನಾವು ಇನ್ನೂ ಕಂಡಿಲ್ಲ. ಗಾಲಿ ಕಣ್ಣಿಗೆ ಕಾಣುತ್ತದೆ, ತಿರುಗುತ್ತದೆ, ಸದ್ದು ಮಾಡುತ್ತದೆ. ಕಾಲಕ್ಕೂ ಧರ್ಮಕ್ಕೂ ಉಪಮಾನವಾಗುತ್ತದೆ. ಇರುಸಾದರೋ ಎರಡು ಗಾಲಿಗಳ ನಡುವೆ ಧೂಳು ಎಣ್ಣೆಗಳನ್ನು ಮೆತ್ತಿಕೊಂಡು, ಗಾಡಿಯ ಭಾರವನ್ನೆಲ್ಲ ಹೊತ್ತು ಮೌನವಾಗಿರುತ್ತದೆ. ಅದು ಮುರಿದ ದಿನವೇ ಅದರ ನೆನಪಾಗುವುದು. ಎತ್ತಿನ ಗಾಡಿಯ ಕಾಲದಲ್ಲಿ ಇರುಸು, ಗುಂಬ, ಕಡಾಣಿ ಎಂಬ ಮಾತುಗಳು ಮಕ್ಕಳ ಬಾಯಲ್ಲೂ ಇದ್ದುವಂತೆ. ಇಂದು ಅವು ನಿಘಂಟಿಗೆ ಸರಿಯುತ್ತಿವೆ. ಆದರೆ ವಸ್ತು ಸರಿದಿಲ್ಲ. ರಸ್ತೆಯ ಮೇಲೆ ಓಡುವ ಪ್ರತಿಯೊಂದು ವಾಹನವೂ ಯಾವುದಾದರೊಂದು ರೂಪದ ಇರುಸಿನ ಮೇಲೆಯೇ ನಿಂತಿದೆ. ನಾವು ನಾಲ್ವರು ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯನ್ನೂ ನಮ್ಮ ಬಳಿ ಇದ್ದ ಅಲ್ಪಸ್ವಲ್ಪ ಹಣವನ್ನೂ ಒಂದು ಹಳೆಯ ಜೀಪಿನ ಮುಂದಿನ ಇರುಸಿಗೆ ವ್ಯಯಿಸಿದ ವೃತ್ತಾಂತವನ್ನು ಇಲ್ಲಿ ನಿವೇದಿಸಬೇಕೆಂದಿದ್ದೇವೆ. ವಿಷಯ ಯಂತ್ರದ್ದಾದರೂ ಇದರಲ್ಲಿ ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಬರುವುದಿಲ್ಲವೆಂದು ವಾಚಕರಿಗೆ ಭರವಸೆ ಕೊಡುತ್ತೇವೆ.

ನಾವು ನಾಲ್ವರೂ ಕಾಸರಗೋಡಿನ ಮೂಡುದಿಕ್ಕಿನ ಹಳ್ಳಿಗಳವರು. ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದವರು. ಜೀಪು ನಮ್ಮಲ್ಲೊಬ್ಬನ ಅಜ್ಜನ ಮನೆಯದು. ಆ ಮನೆಗೆ ಹೋಗಬೇಕಾದರೆ ಮುರಕಲ್ಲಿನ ಪದವನ್ನು ದಾಟಿ, ಅಡಕೆ ತೋಟದ ಅಂಚಿನಲ್ಲಿ ಇಳಿದು, ಒಂದು ತೋಡನ್ನು ಹಾಯ್ದು, ಮತ್ತೆ ಗುಡ್ಡ ಏರಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಆ ದಾರಿಯಲ್ಲಿ ನಾಲ್ಕು ಚಕ್ರಗಳೂ ಎಳೆಯಬಲ್ಲ ವಾಹನವಲ್ಲದೆ ಬೇರೆಯದು ಹೋಗಲಾರದು. ಅಡಕೆ, ಗೊಬ್ಬರ, ರೇಶನ್ ಅಕ್ಕಿ, ಶಾಲೆಯ ಮಕ್ಕಳು, ರೋಗಿಗಳು—ಎಲ್ಲರಿಗೂ ಎಲ್ಲಕ್ಕೂ ಅದೊಂದೇ ಆಶ್ರಯ. ಮಳೆಗಾಲದಲ್ಲಿ ಗುಡ್ಡನಾಡಿನ ತೋಟಗಳಲ್ಲಿ ಜೀಪುಗಳ ಕೆಸರಿನ ಪಂದ್ಯ ನಡೆಯುವುದುಂಟು. ಅಂಥದೊಂದರಲ್ಲಿ ಭಾಗವಹಿಸಬೇಕೆಂಬ ಆಸೆಯೂ ನಮ್ಮ ಮನಸ್ಸಿನ ಮೂಲೆಯಲ್ಲಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಜೀಪಿನ ಕುಲಗೋತ್ರಗಳನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಸಾಗೋಣ. ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ 1940ರಲ್ಲಿ ಅಮೆರಿಕದಲ್ಲಿ ಇದರ ಮೊದಲ ರೂಪ ಸಿದ್ಧವಾಯಿತು. 1941ರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ತಯಾರಾಯಿತು. ಯುದ್ಧ ಮುಗಿದ ಮೇಲೆ ಅದು ಖಾಕಿಯನ್ನು ಕಳಚಿ ರೈತನ ಸೇವೆಗೆ ನಿಂತಿತು. 1953ರಲ್ಲಿ ಬಂದ ಸಿ.ಜೆ. 3ಬಿ ಎಂಬ ಮಾದರಿಗೆ ಎತ್ತರದ ಎಂಜಿನನ್ನು ಹಿಡಿಸುವುದಕ್ಕಾಗಿ ಬಾನೆಟ್ಟನ್ನೇ ಮೇಲಕ್ಕೆತ್ತಿದರು. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು ಅದನ್ನು ಅಲ್ಲಿಂದಾಚೆಗೂ ಬಹುಕಾಲ ತಯಾರಿಸಿದರು. ನಮ್ಮ ಅಜ್ಜನ ಮನೆಯ ಜೀಪು ಆ ಎತ್ತರದ ಹಣೆಯ ವಂಶದ್ದು, ಪೆಟ್ರೋಲಿನದು, ನಮಗಿಂತ ವಯಸ್ಸಿನಲ್ಲಿ ಬಹಳ ಹಿರಿದು.

ಎತ್ತಿನ ಗಾಡಿಯ ಇರುಸಿಗೆ ಕೆಲಸ ಒಂದೇ, ಭಾರ ಹೊರುವುದು. ಎಳೆಯುವ ಕೆಲಸ ಎತ್ತಿನದು. ತಿರುಗಿಸುವ ಕೆಲಸವೂ ಎತ್ತಿನದೇ. ಜೀಪಿನ ಮುಂದಿನ ಇರುಸಿಗೆ ನಾಲ್ಕು ಕೆಲಸ: ಹೊರಬೇಕು, ಎಳೆಯಬೇಕು, ತಿರುಗಬೇಕು, ತಡೆಯಬೇಕು. ಒಂದು ಮನೆಯಲ್ಲಿ ನಾಲ್ವರ ಕೆಲಸವನ್ನು ಒಬ್ಬರೇ ಮಾಡಿದರೆ ಹೇಗೋ ಹಾಗೆ. ಈ ನಾಲ್ಕರಲ್ಲಿ ಯಾವುದನ್ನು ಬಲಪಡಿಸಬೇಕು ಎಂಬುದು ಗೊತ್ತಿಲ್ಲದೆ “ಇರುಸನ್ನು ಬಲಪಡಿಸುತ್ತೇವೆ” ಎಂದು ಹೊರಡುವುದು, ಯಾವ ರೋಗವೆಂದು ತಿಳಿಯದೆ ಮದ್ದು ಅರೆಯಲು ಕುಳಿತಂತೆ. ಆದ್ದರಿಂದ ಮೊದಲ ವಾರವಿಡೀ ನಾವು ಸ್ಪಾನರನ್ನು ಮುಟ್ಟಲಿಲ್ಲ. ಕಾಗದ ಪೆನ್ಸಿಲುಗಳನ್ನು ಹಿಡಿದು ಜೀಪಿನಡಿಯಲ್ಲಿ ಮಲಗಿದೆವು.

ಮೊದಲು ತಿರುಗುವ ಸಂಗತಿಯನ್ನು ನೋಡೋಣ. ವಾಹನ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರಕ್ಕೆ ದಾರಿ ಹೆಚ್ಚು, ಒಳಗಿನದಕ್ಕೆ ಕಡಿಮೆ. ಎಷ್ಟು ಹೆಚ್ಚು? ನಮ್ಮ ಜೀಪಿನ ಎಡಬಲ ಚಕ್ರಗಳ ನಡುವಣ ಅಂತರ 1.23 ಮೀಟರು. ಪೂರ್ತಿ ಹಿಂದಿರುಗುವ ತಿರುವು, ಎಂದರೆ ಅರ್ಧವೃತ್ತ. ಹೊರಚಕ್ರದ ದಾರಿಯಿಂದ ಒಳಚಕ್ರದ ದಾರಿಯನ್ನು ಕಳೆದರೆ ಉಳಿಯುವುದು ಪೈ ಗುಣಿಸು 1.23, ಅಂದರೆ ಸುಮಾರು 3.86 ಮೀಟರು. ಚೋದ್ಯವೇನೆಂದರೆ ತಿರುವಿನ ತ್ರಿಜ್ಯ ಲೆಕ್ಕದಲ್ಲಿ ಅಳಿಸಿಯೇ ಹೋಗುತ್ತದೆ! ತಿರುವು ಕಿರಿದಾಗಿರಲಿ, ವಿಶಾಲವಾಗಿರಲಿ, ವ್ಯತ್ಯಾಸ ಅಷ್ಟೇ. ಏಳನೆಯ ತರಗತಿಯಲ್ಲಿ ವೃತ್ತದ ಪರಿಧಿಯನ್ನು ಕಲಿತಾಗ ಇದು ಎಲ್ಲಿ ಉಪಯೋಗಕ್ಕೆ ಬರುವುದೋ ಎಂದು ನಾವು ಬೇಸರಪಟ್ಟಿದ್ದೆವು. ಅದು ಇರುಸಿನ ನಡುವಿನ ಕಬ್ಬಿಣದ ಗೋಳದೊಳಗೆ ನಮ್ಮನ್ನು ಕಾದುಕೊಂಡಿತ್ತು. ಎರಡು ಚಕ್ರಗಳಿಗೂ ಸಮನಾದ ಬಲವನ್ನು ಕೊಟ್ಟು, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟ ಇರುವುದು ಈ 3.86 ಮೀಟರಿಗಾಗಿಯೇ.

ಅದರ ಸೌಜನ್ಯವೇ ಅದರ ದೌರ್ಬಲ್ಯವೂ ಹೌದು. ಸಮನಾಗಿ ಹಂಚುವುದಷ್ಟೇ ಅದಕ್ಕೆ ಗೊತ್ತು. ಒಂದು ಚಕ್ರ ಕೆಸರಿನಲ್ಲಿ ಜಾರಿ ಬರಿದೇ ತಿರುಗತೊಡಗಿದರೆ ಅದು ಎಷ್ಟು ಕಡಿಮೆ ಬಲವನ್ನು ಸ್ವೀಕರಿಸುವುದೋ ಅಷ್ಟನ್ನೇ ಗಟ್ಟಿನೆಲದಲ್ಲಿರುವ ಚಕ್ರಕ್ಕೂ ಕೊಡುತ್ತದೆ. ಸೋಮಾರಿಯೊಬ್ಬನಿದ್ದರೆ ದುಡಿಯುವವನ ಕೂಲಿಯೂ ಇಳಿಯಿತು! ಹಾಗೆ ಬರಿದೇ ತಿರುಗುತ್ತಿದ್ದ ಚಕ್ರಕ್ಕೆ ಥಟ್ಟನೆ ಕಲ್ಲೊಂದು ಸಿಕ್ಕಿ ಹಿಡಿತ ಬಂದಾಗ, ಆ ವೇಗವೆಲ್ಲ ಒಂದು ಕ್ಷಣದಲ್ಲಿ ಇರುಸಿನ ದಂಡದ ಮೇಲೆ ಬಂದು ಬೀಳುತ್ತದೆ. ದಂಡಗಳು ಮುರಿಯುವುದು ಸಾಮಾನ್ಯವಾಗಿ ಆ ಕ್ಷಣದಲ್ಲಿ.

ಅದಕ್ಕೆ ಸಿಗುವ ತಿರುಚುಬಲದ ಲೆಕ್ಕವನ್ನೂ ಮಾಡಿ ನೋಡಿದೆವು. ನಮ್ಮ ಎಂಜಿನ್ನಿನ ಗರಿಷ್ಠ ತಿರುಚುಬಲ ಸುಮಾರು 155 ನ್ಯೂಟನ್ ಮೀಟರು. ಮೊದಲನೆಯ ಗಿಯರು ಅದನ್ನು 2.798 ಪಟ್ಟು ಹೆಚ್ಚಿಸುತ್ತದೆ. ಗುಡ್ಡಕ್ಕೆಂದೇ ಇರುವ ಕೆಳಗಿಯರು 2.46 ಪಟ್ಟು, ಇರುಸಿನೊಳಗಿನ ಹಲ್ಲುಚಕ್ರ 5.38 ಪಟ್ಟು. ಮೂರನ್ನೂ ಗುಣಿಸಿದರೆ ಮೂವತ್ತೇಳು. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ 5,700 ನ್ಯೂಟನ್ ಮೀಟರಿಗೂ ಮಿಕ್ಕಿದ ಬಲ. ಒಂದು ಮೀಟರು ಉದ್ದದ ಹಾರೆಯ ತುದಿಯಲ್ಲಿ 60 ಕಿಲೋ ತೂಕದ ಹತ್ತು ಮಂದಿ ಒಟ್ಟಿಗೆ ನಿಂತರೆ ಎಷ್ಟೋ ಅಷ್ಟು! ಹಿಂದಿನ ಚಕ್ರಗಳೆರಡೂ ಕೆಸರಿನಲ್ಲಿ ಜಾರುತ್ತಿದ್ದರೆ ಇದರ ಬಹುಪಾಲು ಮುಂದಿನ ಇರುಸಿನ ಪಾಲಿಗೇ ಬರುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ದಂಡ ಇಷ್ಟನ್ನು ತಾಳಿಕೊಂಡು ಇಷ್ಟು ವರ್ಷ ಬಾಳಿದ್ದೇ ಆಶ್ಚರ್ಯವೆನಿಸಿತು.

ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದ ಸ್ಥಳ ದಂಡವಲ್ಲ, ಕೀಲು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುತ್ತಿರುವಾಗಲೂ ಎಂಜಿನ್ನಿನ ಬಲ ಅದಕ್ಕೆ ಮುಟ್ಟಬೇಕಾದರೆ ದಂಡದ ನಡುವೆ ಬಾಗುವ ಕೀಲೊಂದು ಬೇಕು. ನಮ್ಮ ಜೀಪಿನಲ್ಲಿ ಇದ್ದದ್ದು ಬೆಂಡಿಕ್ಸ್ ಎಂಬ ಬಗೆಯದು. ಎರಡು ಕವಲುಗಳ ನಡುವಣ ಬಾಗಿದ ಕೊರಕಲುಗಳಲ್ಲಿ ನಾಲ್ಕು ಉಕ್ಕಿನ ಗುಂಡುಗಳು. ನಡುವೆ ಅವನ್ನು ಹಿಡಿದಿಡುವ ಇನ್ನೊಂದು. ಚಕ್ರ ಎಷ್ಟೇ ಬಾಗಿದರೂ ವೇಗದಲ್ಲಿ ಏರಿಳಿತವಿಲ್ಲದೆ ಬಲವನ್ನು ದಾಟಿಸುವುದು ಇದರ ಗುಣ. ಮುಂದಕ್ಕೆ ಹೋಗುವಾಗ ನಾಲ್ಕು ಗುಂಡುಗಳಲ್ಲಿ ಎರಡು ಮಾತ್ರ ದುಡಿಯುತ್ತವೆ, ಹಿಂದಕ್ಕೆ ಹೋಗುವಾಗ ಉಳಿದೆರಡು. ಇದು ಇದರ ದೋಷ. ಕೊರಕಲು ಸವೆದರೆ ದಂಡವನ್ನೇ ಎಸೆಯಬೇಕು.

2022ರ ಮಳೆಗಾಲದಲ್ಲಿ ಈ ಕೀಲೇ ಮುರಿಯಿತು. ತೋಡಿನಿಂದ ಮೇಲೇರುವ ಕಡೆ ದಾರಿ ಬಲಕ್ಕೆ ಕತ್ತರಿಸಿದಂತೆ ತಿರುಗುತ್ತದೆ. ಸ್ಟಿಯರಿಂಗನ್ನು ಪೂರ್ತಿ ಒಡೆದು, ವೇಗ ಕೊಟ್ಟು ಏರಿಸುವಾಗ ಜಾರುತ್ತಿದ್ದ ಚಕ್ರ ಬಂಡೆಯನ್ನು ಕಚ್ಚಿತು. ಒಳಗಿನಿಂದ ಕಲ್ಲು ಸೀಳಿದಂತಹ ಸದ್ದು. ಎಳೆತ ಹೋದುದಷ್ಟೇ ಆಗಿದ್ದರೆ ಹಿಂದಿನ ಚಕ್ರಗಳಿಂದ ಹೇಗೋ ಹೊರಬರಬಹುದಿತ್ತು. ಮುರಿದ ಚೂರು ಗೋಳದೊಳಗೆ ಸಿಕ್ಕಿಕೊಂಡು ಸ್ಟಿಯರಿಂಗೇ ತಿರುಗದಾಯಿತು. ಆ ದಿನ ಜೀಪಿನಲ್ಲಿದ್ದದ್ದು ಅಡಕೆಯ ಮೂಟೆಯಲ್ಲ, ಹೆರಿಗೆಗೆಂದು ಆಸ್ಪತ್ರೆಗೆ ಹೊರಟಿದ್ದ ನೆರೆಮನೆಯ ಹೆಣ್ಣುಮಗಳು. ನಾಲ್ಕಾರು ಮಂದಿ ಸೇರಿ ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಮೇಲೆ ಕೊಡೆ ಹಿಡಿದು, ಡಾಮರು ರಸ್ತೆಯವರೆಗೆ ಹೊತ್ತು ನಡೆದರು. ದೇವರ ದಯೆಯಿಂದ ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಅಂದಿನಿಂದ ನಮ್ಮ ಮಾತುಕತೆಯಲ್ಲಿ ಕೆಸರಿನ ಪಂದ್ಯದ ಸ್ಥಾನ ತಾನಾಗಿಯೇ ಹಿಂದಕ್ಕೆ ಸರಿಯಿತು.

2023ರ ಬೇಸಗೆಗೆ ನಾವು ಕೂಡಿಸಿದ್ದು 24 ಸಾವಿರ ರೂಪಾಯಿ; ತಲೆಗೆ ಆರು ಸಾವಿರ. ಒಬ್ಬ ಮನೆಪಾಠ ಹೇಳಿ ಗಳಿಸಿದ್ದ, ಇಬ್ಬರು ಅಡಕೆ ಸುಲಿದು. ಮತ್ತೊಬ್ಬನದು ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು. ಹಣ ಕೂಡಿದೊಡನೆ ಅಭಿಪ್ರಾಯಗಳು ಬೇರೆಯಾದುವು, ಲೋಕದ ರೂಢಿಯಂತೆ. ನಮ್ಮಲ್ಲೊಬ್ಬ ಪೇಟೆಯ ಗುಜರಿಯಲ್ಲಿ ಬೇರೊಂದು ಮಾದರಿಯ ವಾಹನದ ದಪ್ಪನೆಯ ಇರುಸನ್ನು ನೋಡಿ ಬಂದಿದ್ದ. ಅದನ್ನು ತಂದು ಕೂಡಿಸಿಬಿಟ್ಟರೆ ಜನ್ಮದಲ್ಲಿ ಮುರಿಯುವ ಮಾತಿಲ್ಲ ಎಂಬುದು ಅವನ ವಾದ. ನೋಡುವುದಕ್ಕೂ ಗಂಭೀರವಾಗಿತ್ತೆಂದು ಒಪ್ಪಿಕೊಳ್ಳಬೇಕು. ಬೆಲೆ ನಮ್ಮ ಗಂಟಿನ ಮುಕ್ಕಾಲು ಪಾಲು.

ಈ ವಾದವನ್ನು ಸೀಮೆಸುಣ್ಣದ ಒಂದು ಗೆರೆ ತೀರ್ಮಾನಿಸಿತು. ಇರುಸಿನೊಳಗಿನ ಹಲ್ಲುಚಕ್ರದ ಅನುಪಾತವನ್ನು ಬಿಚ್ಚದೆಯೇ ತಿಳಿಯುವ ಉಪಾಯವೊಂದಿದೆ. ಜೀಪನ್ನು ಎರಡೇ ಚಕ್ರಗಳ ಎಳೆತಕ್ಕೆ ಹಾಕಿ, ಮುಂದಿನ ಒಂದು ಚಕ್ರವನ್ನು ನೆಲದಲ್ಲೇ ಬಿಟ್ಟು ಇನ್ನೊಂದನ್ನು ಜ್ಯಾಕಿನಿಂದ ಎತ್ತಬೇಕು. ಎತ್ತಿದ ಚಕ್ರಕ್ಕೊಂದು, ಎಂಜಿನ್ನಿನ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿಗೊಂದು ಗುರುತು ಹಾಕಬೇಕು. ಚಕ್ರವನ್ನು ಎರಡು ಸುತ್ತು ತಿರುಗಿಸಿದರೆ ಶಾಫ್ಟು ಎಷ್ಟು ಸುತ್ತು ತಿರುಗುವುದೋ ಅದೇ ಅನುಪಾತ. ಎರಡು ಸುತ್ತು ಏಕೆಂದರೆ, ಒಂದು ಚಕ್ರ ನಿಂತಿದ್ದಾಗ ಇನ್ನೊಂದು ಚಕ್ರ ನಡುವಿನ ಹಲ್ಲುಚಕ್ರದ ಇಮ್ಮಡಿ ವೇಗದಲ್ಲಿ ತಿರುಗುತ್ತದೆ. ನಮ್ಮ ಶಾಫ್ಟು ಐದು ಸುತ್ತು ತಿರುಗಿ, ಆರನೆಯದರಲ್ಲಿ ಮೂರನೆಯ ಒಂದು ಭಾಗವನ್ನು ತುಸು ದಾಟಿ ನಿಂತಿತು: 8 ಹಲ್ಲಿಗೆ 43 ಹಲ್ಲು, ಅಂದರೆ 5.375. ಗುಜರಿಯ ಇರುಸನ್ನು ಇದೇ ರೀತಿ ಪರೀಕ್ಷಿಸಿದಾಗ ಐದು ಸುತ್ತಿಗೆ ಎಂಟನೆಯ ಒಂದು ಭಾಗ ಕಡಿಮೆ: 8 ಹಲ್ಲಿಗೆ 39, ಅಂದರೆ 4.875. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.10. ಹಿಂದಿನ ಚಕ್ರಗಳು 100 ಮೀಟರು ನಡೆಯುವಷ್ಟರಲ್ಲಿ ಮುಂದಿನವು 110 ಮೀಟರು ಓಡಬಯಸುತ್ತವೆ! ನಮ್ಮ ಜೀಪಿನಲ್ಲಿ ಮುಂದಿನ ಹಿಂದಿನ ಇರುಸುಗಳ ನಡುವೆ ರಾಜಿ ಮಾಡಿಸುವ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಆ ಹತ್ತು ಮೀಟರಿನ ಜಗಳವನ್ನು ಟಯರುಗಳೂ ಗಿಯರುಗಳೂ ತಮ್ಮ ಮೈಯಲ್ಲಿ ಅನುಭವಿಸಬೇಕು. ಅದನ್ನು ತಪ್ಪಿಸಲು ಹಿಂದಿನ ಇರುಸನ್ನೂ ಬದಲಿಸಬೇಕು. ಆಗ ನಮ್ಮ ಗಂಟು ಎರಡರಷ್ಟಾದರೂ ಸಾಲದು.

ಕಾನೂನಿನ ಅಡ್ಡಿಯೂ ಇತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಗೊತ್ತುಪಡಿಸಿದ್ದಕ್ಕೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ರೋಗಿಗಳನ್ನು ಕೂರಿಸಿಕೊಂಡು ಸಾರ್ವಜನಿಕ ರಸ್ತೆಗೆ ಇಳಿಯಬೇಕಾದ ಜೀಪನ್ನು ಅಂಥ ಸಂದೇಹಕ್ಕೆ ಗುರಿಮಾಡುವುದು ನಮಗೆ ಸರಿಯೆನಿಸಲಿಲ್ಲ. ಅದೇ ಇರುಸಿಗೆ ತಯಾರಕರೇ ಅಳವಡಿಸುತ್ತಿದ್ದ ಬಿಡಿಭಾಗಗಳಲ್ಲಿ ಉತ್ತಮವಾದುದನ್ನು ಆರಿಸಿಕೊಳ್ಳುವುದೇ ಉಳಿದಿದ್ದ ಮಾರ್ಗ.

ನಮಗೆ ಗುರುವಾಗಿ ದೊರೆತವರು ಪೇಟೆಯ ಹೊರಗೆ ಗ್ಯಾರೇಜು ಇಟ್ಟುಕೊಂಡಿರುವ ವೃದ್ಧ ಮೇಸ್ತ್ರಿಗಳು. ಮನೆಮಾತು ಮಲಯಾಳ, ತುಳು ಕನ್ನಡಗಳೆರಡನ್ನೂ ಸಲೀಸಾಗಿ ಮಾತನಾಡುತ್ತಾರೆ. ಸಂಜೆ ಗ್ಯಾರೇಜು ಮುಚ್ಚುವ ಹೊತ್ತಿಗೆ ಬಂದು ನಮ್ಮ ಕೈಯಿಂದಲೇ ಕೆಲಸ ಮಾಡಿಕೊಳ್ಳಲು ಅನುಮತಿ ಕೊಟ್ಟರು. ದಪ್ಪ ಇರುಸಿನ ಪ್ರಸ್ತಾಪವನ್ನು ಕೇಳಿ ಅವರು ನಕ್ಕು ಹೇಳಿದ ಮಾತು ಇಷ್ಟು: “ಮಕ್ಕಳೇ, ದೊಡ್ಡ ಆಕ್ಸಿಲ್ ಹಾಕಿದರೆ ಮುರಿಯುವುದು ನಿಲ್ಲುವುದಿಲ್ಲ ಮಾರಾಯರೇ, ಮುರಿಯುವ ಜಾಗ ಬೇರೆಯಾಗುತ್ತದೆ ಅಷ್ಟೆ. ಎಲ್ಲಿ ಮುರಿದರೆ ನಿಮಗೆ ಚಿಂತೆಯಿಲ್ಲ, ಅದನ್ನು ಮೊದಲು ಹೇಳಿ.” ನಾವು ಆ ರಜೆಯಲ್ಲಿ ಕಲಿತದ್ದರ ಸಾರವೆಲ್ಲ ಆ ಪ್ರಶ್ನೆಯಲ್ಲಿದೆ. ಇರುಸು ಮುರಿದರೆ ಜೀಪು ಮಗುಚಬಹುದು. ಗಿಯರು ಮುರಿದರೆ ತಿಂಗಳ ದುಡಿಮೆ ಹೋಯಿತು. ಕೀಲಿನ ಅಡ್ಡತುಂಡು ಮುರಿದರೆ ನಷ್ಟ ಅರ್ಧ ದಿನದ ಕೆಲಸ ಮಾತ್ರ. ಹಾಗಿದ್ದಮೇಲೆ ಎಲ್ಲವನ್ನೂ ಮುರಿಯದಂತೆ ಮಾಡುವುದಕ್ಕಿಂತ, ಮುರಿಯುವುದೇ ಆದರೆ ಅಗ್ಗವಾದುದು ಮುರಿಯುವಂತೆ ಏರ್ಪಡಿಸುವುದು ಬುದ್ಧಿವಂತಿಕೆ. ಮನೆಯ ವಿದ್ಯುತ್ ಫ್ಯೂಸು ಮಾಡುವ ಕೆಲಸವೂ ಇದೇ ತಾನೆ?

ಆದ್ದರಿಂದ ಗುಂಡುಗಳ ಕೀಲನ್ನು ತೆಗೆದು, ಅದೇ ಇರುಸಿಗೆ ಹೊಂದುವ ಸ್ಪೈಸರ್ ಬಗೆಯ ಕೀಲುಳ್ಳ ದಂಡಗಳ ಜೋಡಿಯೊಂದನ್ನು ಏಳು ಸಾವಿರಕ್ಕೆ ತಂದೆವು; ಉಪಯೋಗಿಸಿದ್ದು, ಆದರೆ ಹಲ್ಲು ಸವೆಯದ್ದು. ಗ್ಯಾರೇಜಿನವರು ಕ್ರಾಸ್ ಎನ್ನುವ ಕೂಡುಗುರುತಿನ ಆಕಾರದ ಅಡ್ಡತುಂಡು ಇದರ ಜೀವಾಳ. ಸವೆದರೆ ಅದೊಂದನ್ನೇ ಬದಲಿಸಬಹುದು. ಈ ಬಗೆಯ ಕೀಲಿಗೆ ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತರ ಹೆಸರುಗಳಿವೆ. ಸ್ಪ್ರಿಂಗಿನ ನಿಯಮದಿಂದ ನಮ್ಮ ಪಠ್ಯಪುಸ್ತಕಕ್ಕೆ ಬಂದ ಹುಕ್ ಇವನೇ. ಇದಕ್ಕೂ ಒಂದು ಕುಂದಿದೆ. ಬಾಗಿದಾಗ ಇದು ವೇಗವನ್ನು ಸಮನಾಗಿ ದಾಟಿಸದು. 30 ಡಿಗ್ರಿ ಬಾಗಿದಾಗ ಹೊರಗಿನ ವೇಗ ಒಳಗಿನ ವೇಗದ 0.87ರಿಂದ 1.15 ಪಟ್ಟಿನವರೆಗೆ ಪ್ರತಿ ಸುತ್ತಿನಲ್ಲೂ ಎರಡೆರಡು ಬಾರಿ ಇಳಿದು ಏರುತ್ತದೆ. 0.87 ಎಂಬುದು 30 ಡಿಗ್ರಿಯ ಕೊಸೈನು, 1.15 ಅದರ ವ್ಯುತ್ಕ್ರಮ. ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರಗಳ ಎಳೆತ ಹಾಕಿ ತಿರುಗಿಸಿದರೆ ಈ ಏರಿಳಿತ ಸ್ಟಿಯರಿಂಗಿನಲ್ಲಿ ನಡುಕವಾಗಿ ಕೈಗೆ ತಿಳಿಯುತ್ತದೆ. ಆದರೆ ಗಟ್ಟಿ ರಸ್ತೆಯಲ್ಲಿ ಆ ಎಳೆತವನ್ನು ಹಾಕುವವರಾರು? ಕೆಸರಿನಲ್ಲಿ, ನಡಿಗೆಯ ವೇಗದಲ್ಲಿ, ಅದು ಲೆಕ್ಕಕ್ಕೆ ಬಾರದು. ನಯವನ್ನು ಬಿಟ್ಟು ದುರಸ್ತಿಯ ಸೌಲಭ್ಯವನ್ನು ಕೊಂಡೆವು ಎನ್ನಬಹುದು.

ಬಿಚ್ಚಿದ ಮೇಲೆ ಒಳಗಿನ ದುಃಸ್ಥಿತಿ ತಿಳಿಯಿತು. ಕೀಲನ್ನು ಆವರಿಸುವ ಉಕ್ಕಿನ ಗೋಳದ ಸುತ್ತಲಿನ ಸೀಲು ಹರಿದು, ತೋಡಿನ ನೀರು ಒಳನುಗ್ಗಿ, ಎಣ್ಣೆ ಹಾಲುಹಾಕಿದ ಚಹದ ಬಣ್ಣಕ್ಕೆ ತಿರುಗಿತ್ತು. ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಬೇರಿಂಗುಗಳು ತುಕ್ಕು ಹಿಡಿದು ಗುಳಿಬಿದ್ದಿದ್ದುವು. ಇವು ಸಡಿಲವಾದರೆ ಚಕ್ರ ನಿಂತಲ್ಲಿ ನಿಲ್ಲದೆ ನಡುಗುತ್ತದೆ. ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರವಾಗದು. ಬಿಗಿತವನ್ನು ಕಾಗದದಷ್ಟು ತೆಳುವಾದ ತಗಡುಗಳನ್ನು ಇಟ್ಟು ತೆಗೆದು ಹೊಂದಿಸಬೇಕು; ಸ್ಪ್ರಿಂಗ್ ತ್ರಾಸನ್ನು ಸಿಕ್ಕಿಸಿ ಎಳೆದು, ಕೈಪಿಡಿ ಹೇಳಿದಷ್ಟೇ ತೂಕಕ್ಕೆ ಅದು ಅಲುಗುವುದೇ ಎಂದು ನೋಡಬೇಕು. ಅಜ್ಜನ ಮನೆಯಲ್ಲಿ ಅಡಕೆ ತೂಗುವ ತ್ರಾಸು ಆ ಕೆಲಸಕ್ಕೆ ಬಂತು. ಹೊಸ ಬೇರಿಂಗು, ಸೀಲುಗಳಿಗೆ ನಾಲ್ಕು ಸಾವಿರ. ಸ್ಟಿಯರಿಂಗಿಗೆ ಸೇರಿದ ತೋಳೊಂದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದನ್ನು ವೆಲ್ಡಿಂಗ್ ಮಾಡಿಸೋಣವೆಂದಾಗ ಮೇಸ್ತ್ರಿಗಳು ನಗಲಿಲ್ಲ. ಸ್ಟಿಯರಿಂಗಿನ ಯಾವ ಭಾಗಕ್ಕೂ ತಾನು ಬೆಂಕಿ ಮುಟ್ಟಿಸಿದವನಲ್ಲವೆಂದು ಹೇಳಿ, ತಮ್ಮ ಸಂಗ್ರಹದಿಂದ ಸರಿಯಾದ ತೋಳೊಂದನ್ನು ಹುಡುಕಿಕೊಟ್ಟರು, ಬೆಲೆ ತೆಗೆದುಕೊಳ್ಳಲಿಲ್ಲ.

ನಮ್ಮ ಗಂಟಿನ ಅತಿ ದೊಡ್ಡ ಪಾಲು, ಒಂಬತ್ತು ಸಾವಿರ, ಹೋದದ್ದು ಯಾರೂ ಹೊಗಳದ ಬ್ರೇಕಿಗೆ. ಅದರ ಕಾರಣವನ್ನೂ ಲೆಕ್ಕದಿಂದಲೇ ಹೇಳುತ್ತೇವೆ. ವಾಹನವನ್ನು ತಡೆದಾಗ ಅದರ ಭಾರ ಮುಂದಕ್ಕೆ ವಾಲುತ್ತದೆ. ಜೀಪಿನ ಮುಂದಿನ ಹಿಂದಿನ ಇರುಸುಗಳ ಅಂತರ 2.03 ಮೀಟರು. ಗುರುತ್ವಕೇಂದ್ರ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಂಡು, ಗುರುತ್ವವೇಗದ ಅರ್ಧದಷ್ಟು ತಡೆದರೆ, ಒಟ್ಟು ತೂಕದ ನೂರಕ್ಕೆ 16 ಪಾಲು ಹಿಂದಿನ ಇರುಸಿನಿಂದ ಮುಂದಿನದಕ್ಕೆ ವರ್ಗವಾಗುತ್ತದೆ. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಎಂದರೆ, ಗುಡ್ಡ ಇಳಿಯುವಾಗ ಜೀವ ಉಳಿಸುವುದು ಮುಂದಿನ ಬ್ರೇಕು. ನಮ್ಮ ಜೀಪಿನದು 9 ಅಂಗುಲದ ಸಣ್ಣ ಡ್ರಮ್ಮು. ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಮಾಸ್ಟರ್ ಸಿಲಿಂಡರು. ಎಲ್ಲಿಯಾದರೂ ಒಂದು ಹೋಸು ಹರಿಯಿತೆಂದರೆ ನಾಲ್ಕೂ ಬ್ರೇಕುಗಳು ಒಟ್ಟಿಗೇ ಹೋದುವು. ಬಿಚ್ಚಿ ನೋಡಿದರೆ ರಬ್ಬರಿನ ಹೋಸುಗಳು ಒಣಗಿ ಬಿರಿದಿದ್ದುವು. ಹೋಸು, ಚಕ್ರದ ಸಿಲಿಂಡರು, ಲೈನಿಂಗು ಎಲ್ಲವನ್ನೂ ಹೊಸದಾಗಿ ಹಾಕಿಸಿ, ಡ್ರಮ್ಮನ್ನು ಲೇತಿನಲ್ಲಿ ಸಮಮಾಡಿಸಿದೆವು. ದಪ್ಪ ಇರುಸಿನ ಪಕ್ಷಪಾತಿಯಾಗಿದ್ದ ಗೆಳೆಯನೇ ಆ ಬಿರಿದ ಹೋಸನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ.

ಕೊನೆಯ ಕೆಲಸ ಚಕ್ರಗಳನ್ನು ನೇರಮಾಡುವುದು. ಪೇಟೆಯಲ್ಲಿ ಇದಕ್ಕೆ ಗಣಕಯಂತ್ರಗಳಿವೆ. ನಮ್ಮಲ್ಲಿದ್ದುದು ನೂಲು, ಸೀಮೆಸುಣ್ಣ, ಅಳತೆಪಟ್ಟಿ. ಎರಡು ಮುಂದಿನ ಟಯರುಗಳ ನಡುವಣ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ ಒಂದೆರಡು ಮಿಲಿಮೀಟರು ಕಡಿಮೆಯಿರಬೇಕು. ಅಷ್ಟನ್ನು ಸಾಧಿಸಲು ಒಂದು ಪೂರ್ವಾಹ್ನ ಹಿಡಿಯಿತು. ಮೇಸ್ತ್ರಿಗಳಿಗೂ ಲೇತಿನವರಿಗೂ ಸೇರಿ ಎರಡು ಸಾವಿರ, ಎಣ್ಣೆ ಗ್ರೀಸುಗಳಿಗೆ ಒಂದು ಸಾವಿರ. ಉಳಿದ ಒಂದು ಸಾವಿರದಲ್ಲಿ ಎರಡು ಹೊಸ ಕ್ರಾಸುಗಳನ್ನು ಕೊಂಡು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಜೀಪಿನ ಪೆಟ್ಟಿಗೆಯಲ್ಲಿಟ್ಟೆವು. ಬೇಡದಾಗ ಮುಂದಿನ ಚಕ್ರಗಳನ್ನು ದಂಡಗಳಿಂದ ಬಿಡಿಸುವ ಹಬ್ಬುಗಳನ್ನು ಕೊಳ್ಳುವ ಆಸೆ ಇನ್ನೂ ಉಳಿದಿದೆ. ಅಮೆರಿಕದ ಆರ್ಥರ್ ವಾರ್ನ್ ಎಂಬಾತ ಯುದ್ಧದಲ್ಲಿ ಮಿಕ್ಕ ಜೀಪುಗಳನ್ನು ಜನಸಾಮಾನ್ಯರು ರಸ್ತೆಯಲ್ಲಿ ಓಡಿಸಲು ಅನುಕೂಲವಾಗಲೆಂದು 1948ರಲ್ಲಿ ಆರಂಭಿಸಿದ ಉದ್ಯೋಗವದು. ಅದಕ್ಕೆ ಇನ್ನೊಂದು ಅಡಕೆ ಕೊಯ್ಲು ಬರಬೇಕು.

ಈಗ ಭಾಷೆಯ ವಿಷಯವಾಗಿ ಒಂದೆರಡು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರು ತಾಂತ್ರಿಕ ವಿದ್ಯೆಯಲ್ಲಿ ಹಿಂದೆ ಬೀಳುತ್ತಾರೆಂಬ ಮಾತನ್ನು ನಮ್ಮ ಊರಿನ ತಾಯಿತಂದೆಗಳು ದಿನವೂ ಕೇಳುತ್ತಾರೆ. ಕೇಳಿ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ವಿದ್ಯಾಲಯದ ಮೊದಲ ವರ್ಷ ಇಂಗ್ಲಿಷ್ ಪಾಠಗಳ ಮುಂದೆ ನಾವೂ ತಬ್ಬಿಬ್ಬಾದದ್ದು ನಿಜ. ಆದರೆ ಗ್ಯಾರೇಜಿನಲ್ಲಿ ಕಂಡದ್ದು ಬೇರೆ. ಬೇರಿಂಗು, ಗಿಯರು, ಕ್ರಾಸು, ಸೀಲುಗಳು ಕನ್ನಡ, ಮಲಯಾಳ, ತುಳು ಮೂರರಲ್ಲೂ ಅವೇ. ಒಂದು ವಾರದಲ್ಲಿ ನಾಲಗೆಗೆ ಹತ್ತುತ್ತವೆ. ಹೆಸರು ಕಲಿತಮೇಲೆ ಉಳಿಯುವುದು ವಿಚಾರ. ಅನುಪಾತ, ಪರಿಧಿ, ತ್ರಿಜ್ಯ, ಕೋನ, ವ್ಯುತ್ಕ್ರಮ—ಈ ಮಾತುಗಳಲ್ಲಿಯೇ ನಾವು ಜೀಪಿನಡಿಯಲ್ಲಿ ಮಲಗಿ ತರ್ಕಿಸಿದೆವು. ಎರಡು ಸುತ್ತಿನ ಸೀಮೆಸುಣ್ಣದ ಲೆಕ್ಕವನ್ನು ಮೊದಲು ಬಿಡಿಸಿದವನು ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದ ನಮ್ಮ ಗೆಳೆಯ. ತಿಳಿದ ಭಾಷೆಯಲ್ಲಿ ತಿಳಿದುಕೊಂಡದ್ದು ಬೇರೆ ಭಾಷೆಗೆ ಹೋದಾಗಲೂ ನಮ್ಮೊಡನೆ ಬರುತ್ತದೆ.

2023ರ ಮಳೆ ಬಂದಿತು, ತೋಡು ತುಂಬಿತು. ಜೀಪು ನೀರು ಹಾಯ್ದು ಆ ಬಲತಿರುವನ್ನು ಏರಿತು. ಸ್ಟಿಯರಿಂಗನ್ನು ಪೂರ್ತಿ ಒಡೆದಾಗ ವೇಗ ಕೊಡಬಾರದೆಂಬ ನಿಯಮವನ್ನು ಓಡಿಸುವವರೆಲ್ಲರಿಗೂ ಹೇಳಿಕೊಟ್ಟೆವು. ಅದಕ್ಕೆ ಖರ್ಚೇನೂ ಇರಲಿಲ್ಲ. ತಿಂಗಳ ಕೊನೆಗೆ ಗೋಳದ ಮುಚ್ಚಳವನ್ನು ಸಡಲಿಸಿ ನೋಡಿದರೆ ಎಣ್ಣೆ ತಿಳಿಯಾಗಿತ್ತು. ಅದನ್ನು ಕಂಡು ನಾವು ಪಟ್ಟ ಸಂತೋಷ ಕೆಸರಿನ ಪಂದ್ಯದಲ್ಲಿ ಗೆದ್ದಿದ್ದರೂ ಆಗುತ್ತಿತ್ತೋ ಇಲ್ಲವೋ. ಅಂದ ಹಾಗೆ ಪಂದ್ಯಕ್ಕೆ ನಾವು ಹೋಗಲಿಲ್ಲ. ಆ ಭಾನುವಾರ ಜೀಪು ಗೊಬ್ಬರ ತರಲು ಹೋಗಿತ್ತು.

ಈ ಪತ್ರಿಕೆಯನ್ನು ಓದುವ ಅಧ್ಯಾಪಕರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ವೃತ್ತದ ಪಾಠ ಬಂದಾಗ ಮಕ್ಕಳನ್ನು ಹೊರಗೆ ಕರೆದೊಯ್ದು ಊರಿನ ಯಾವುದಾದರೊಂದು ಜೀಪನ್ನು ತೋರಿಸಬೇಕು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಇತರ ಚಕ್ರಗಳಿಗೆ ಕಲ್ಲು ಕೊಟ್ಟು, ಬಲ್ಲವರ ಕೈಯಿಂದ ಒಂದು ಚಕ್ರವನ್ನು ಎತ್ತಿಸಿ, ಅಡಿಗೆ ಮರದ ದಿಮ್ಮಿಯನ್ನು ಆಧಾರವಾಗಿ ಇಟ್ಟಮೇಲೆ, ಸೀಮೆಸುಣ್ಣವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಎರಡು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ತಿರುಗುವುದೆಂದು ಅವರೇ ಎಣಿಸಲಿ. ಅದು ಪೂರ್ಣಸಂಖ್ಯೆಯಾಗದೆ ಉಳಿಯುವ ಆ ಭಿನ್ನರಾಶಿ ಎಲ್ಲಿಂದ ಬಂತೆಂದು ಅವರೇ ಕೇಳಲಿ. ಯಾರ ಮನೆಯಲ್ಲಿಯೂ ಜೀಪು ಇಲ್ಲದಿದ್ದರೆ ನಮಗೊಂದು ಕಾಗದ ಬರೆದರೆ ಸಾಕು. ತೋಡಿನಲ್ಲಿ ನೀರು ಇಳಿದಿದ್ದರೂ ಇಳಿಯದಿದ್ದರೂ ನಾವು ನಮ್ಮ ಜೀಪನ್ನೇ ತೆಗೆದುಕೊಂಡು ಬರುತ್ತೇವೆ.